ಗಂಟು ಮರೆತ ಮಾಸ್ತರ್

ಐದೈದು ಕೊಡ ಹಿಡಿಯುವ ಎರಡು ಹಂಡೆ ನೀರನ್ನು, ಹೆಗಲಿಗೊಂದರಂತೆ ಹೊತ್ತು, ಒಂದು ಹನಿಯೂ ಚೆಲ್ಲದೆ ಕಾಗಿಣಾ ಹೊಳೆಯಿಂದ ಬುದ್ಧ ವಿಹಾರದವರೆಗೆ ತಂದವನು ನಾನು. ಕಂಡವರೆಲ್ಲ ತೀರಿಹೋಗಿದ್ದಾರೆ. ಹಂಡೆಗಳು ಇನ್ನೂ ಇವೆ, ಬೇಕಾದರೆ ಅವನ್ನೇ ಕೇಳಿಕೊಳ್ಳಿ.

ಪೂಜ್ಯ ಸುಮೇಧರಕ್ಖಿತ ಭಂತೇಜಿಯವರು ಆ ವರ್ಷ ನಮ್ಮೂರಿನ ತಗಡು ಚಾವಣಿಯ ವಿಹಾರದಲ್ಲಿ ಮಳೆಗಾಲದ ಮೂರು ತಿಂಗಳ ವರ್ಷಾವಾಸ ಮುಗಿಸಿದ್ದರು. ಒಂದು ಚಾಪೆ, ಒಂದು ಭಿಕ್ಷಾಪಾತ್ರೆ, ಅಷ್ಟೇ ಅವರ ಆಸ್ತಿ. ಅಂದು ಕಠಿಣ ಚೀವರದ ದಿನ. ಹೊಸ ಬಟ್ಟೆಯನ್ನು ತುಂಡು ತುಂಡಾಗಿ ಕತ್ತರಿಸಿ, ಮತ್ತೆ ಜೋಡಿಸಿ ಹೊಲಿದು, ಆ ಹಂಡೆಗಳಲ್ಲಿ ಕಾಸಿದ ಬಣ್ಣದಲ್ಲಿ ಅದ್ದಿ, ಭಿಕ್ಷುಗಳು ಉಡುವ ಚೀವರವನ್ನು ಆ ಒಂದೇ ದಿನದಲ್ಲಿ ಮುಗಿಸಬೇಕು. ಹೊಲಿಗೆಗೆ ನೆರವಾಗಲು ಬಂದವರು ದರ್ಜಿ ಭೀಮಶಾ ಮಾಸ್ತರ್. ಅವರು ಹೊಲಿದ ಕೋಟು ತೊಟ್ಟರೆ ಗೂನು ಬೆನ್ನೂ ನೆಟ್ಟಗಾಗುತ್ತಿತ್ತು!

ಆದರೆ ಅಂದು ಮಾಸ್ತರರ ಮುಖ ಕೆಂಡವಾಗಿತ್ತು. ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣ ಗುಂಡಪ್ಪ ಹಾಸಿಗೆ ಹಿಡಿದಿದ್ದ. ಇನ್ನೆಷ್ಟು ದಿನವೋ ಎಂದು ಡಾಕ್ಟರರೇ ಹೇಳಿದ್ದರು. "ಒಮ್ಮೆ ಮುಖ ತೋರಿಸಿ ಹೋಗು" ಎಂದು ಅವನು ಬೆಳಿಗ್ಗೆ ಹೇಳಿಕಳಿಸಿದ್ದ.

"ನಾ ಹೋಗಂಗಿಲ್ರಿ ಭಂತೇಜಿ. ಮದುವಿ ಹಂದರದಾಗ, ಬೀಗರ ಮುಂದ, ನನಗ ಚಿಂದಿ ಮಾಸ್ತರ್ ಅಂದಾನ. ನೀವು ನೋಡಿದ್ರ, ಮನಸ್ಸು ಕ್ಷಣಕ್ಕೊಮ್ಮೆ ಹುಟ್ಟಿ ಸಾಯ್ತದ, 'ನಾನು' ಅನ್ನೋದು ಇಲ್ಲ ಅಂತೀರಿ. ಮತ್ತ ಒಂಬತ್ತು ವರ್ಷದಿಂದ ಇಲ್ಲಿ ಸುಡ್ಲಿಕತ್ತಿದ್ದು ಯಾರಿಗ್ರಿ?" ಎಂದು ಮಾಸ್ತರ್ ಎದೆ ಗುದ್ದಿಕೊಂಡರು.

ಭಂತೇಜಿಯವರು ನಸುನಕ್ಕು ಸೂಜಿ ದಾರ ಮುಂದಿಟ್ಟರು. "ಮೊದಲು ಪೋಣಿಸಿ."

ಮಾಸ್ತರ್ ದಾರದ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಒಂದು ಕಣ್ಣು ಮುಚ್ಚಿ ಪೋಣಿಸಿದರು.

"ಪೋಣಿಸುವಾಗ ಸಿಟ್ಟು ಎಲ್ಲಿತ್ತು?"

ಮಾಸ್ತರ್ ಕಕ್ಕಾಬಿಕ್ಕಿಯಾದರು. "ಆಗ... ಇರಲಿಲ್ರಿ. ಸೂಜಿ ಒಂದ ಇತ್ತು."

"ಕಣ್ಣು, ಸೂಜಿ, ಗಮನ ಕೂಡಿದವು, ನೋಟ ಹುಟ್ಟಿತು. ಕಿವಿ, ಮಾತು, ನೆನಪು ಕೂಡುತ್ತವೆ, ನೋವು ಹುಟ್ಟುತ್ತದೆ. ಹುಟ್ಟಿದ್ದು ಹೋಗುತ್ತದೆ."

"ಹೋಗವಲ್ದಲ್ರಿ!" ಎಂದು ಮಾಸ್ತರ್ ರೋಷದಿಂದ ಹೊಲಿಯತೊಡಗಿದರು. ಒಂದೇ ಉಸಿರಿಗೆ ಮುನ್ನೂರು ಹೊಲಿಗೆ, ನಾನೇ ಎಣಿಸಿದ್ದೇನೆ. ಕೊನೆಗೆ ಬಿಗಿಮಾಡಲೆಂದು ಎಳೆದರೆ, ದಾರವೆಲ್ಲ ಸರ್ರನೆ ಕಳಚಿ ಕೈಗೇ ಬಂತು. ಸಿಟ್ಟಿನಲ್ಲಿ ದಾರದ ತುದಿಗೆ ಗಂಟು ಹಾಕುವುದನ್ನೇ ಮರೆತಿದ್ದರು! ನಲವತ್ತು ವರ್ಷದ ದರ್ಜಿ! ನಾವು ಬಿದ್ದು ಬಿದ್ದು ನಕ್ಕೆವು.

ಭಂತೇಜಿಯವರು ಆ ದಾರವನ್ನು ಎತ್ತಿ ಹಿಡಿದರು. "ಅಣ್ಣನ ಮಾತೂ ಹೀಗೇ ಜಾರಿಹೋಗುತ್ತಿತ್ತು. 'ನನಗೆ ಅಂದ' ಎಂಬ ಗಂಟು ಹಾಕಿದವರು ಯಾರು?"

ಮಾಸ್ತರ್ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ದಿನಾ ಒಂದೊಂದು ನಾನೇ ಹಾಕೀನ್ರಿ" ಎಂದು ಹೊಟ್ಟೆ ಕುಲುಕುವಂತೆ ನಕ್ಕರು. ಈ ಸಲ ಗಂಟು ಹಾಕಿ ಚೀವರ ಹೊಲಿದು ಮುಗಿಸಿದರು. ಭಂತೇಜಿಯವರ ಪಾದಕ್ಕೆ ಹಣೆ ಮುಟ್ಟಿಸಿ, ಚಪ್ಪಲಿಯನ್ನೂ ಮರೆತು ಓಡಿದರು.

ನಾನೂ ಬೆನ್ನಿಗೇ ಓಡಿದೆ. ಕಣ್ಣಾರೆ ಕಂಡೆ. "ಯಣ್ಣಾ, ಚಿಂದಿ ಮಾಸ್ತರ್ ಬಂದಾನ ನೋಡು!" ಎಂದು ಅವರು ಬಾಗಿಲಲ್ಲೇ ಕೂಗಿದರು. ಏಳಲಾಗದ ಗುಂಡಪ್ಪ ಎರಡಾಳೆತ್ತರ ಜಿಗಿದು ತಮ್ಮನನ್ನು ತಬ್ಬಿಕೊಂಡ!

ಕಳೆದ ಹುಣ್ಣಿಮೆಯಂದು ವಿಹಾರದಲ್ಲಿ ಇದನ್ನು ಹೇಳುತ್ತಿದ್ದಾಗ ಗುಂಡಪ್ಪನ ಮಗಳು ಪುತಳಾಬಾಯಿ ಎದ್ದು ನಿಂತಳು. "ಮಾಮಾ, ಅವತ್ತು ಬಾಗಿಲದಾಗ ನಾನೇ ಇದ್ದೆ. ಕಾಕಾ ಕೂಗಿದ್ದು ಖರೆ. ಅಪ್ಪ ಜಿಗೀಲಿಲ್ಲ, ಎರಡೂ ಕೈ ಚಾಚಿದ. ಆ ರಾತ್ರಿ ಇಬ್ಬರೂ ಒಂದೇ ತಾಟಿನ್ಯಾಗ ಉಂಡರು. ಆದರ ನೀವೆಲ್ಲಿದ್ರಿ? ಸಂಜಿತನಕ ಹಂಡೆ ಮುಂದ ಕುಂತು ಚೀವರ ಅದ್ದತಿದ್ರಿ!"

ಸಭೆಯೆಲ್ಲ ನಕ್ಕಿತು. ನಾನು ಹೆಗಲು ಕುಣಿಸಿದೆ.

"ಕಂಡದ್ದು ಖರೆ ಹೌದಿಲ್ಲೋ ಯವ್ವಾ? ಕಂಡಾಂವ ಯಾರು ಅಂತ ಯಾಕ ಗಂಟು ಹಾಕ್ತಿ?"