ಜೇನು ಬಿಟ್ಟ ಕರಡಿ

ಕಲ್ಲುಬೆಟ್ಟವೊಂದರಲ್ಲಿ ಒಂದು ಕರಡಿಯಿತ್ತು. ಅದು ಜೇನುಗೂಡು ಕಿತ್ತು ತಿಂದು ಬಿಟ್ಟದ್ದನ್ನು ನರಿಯೊಂದು ನೆಕ್ಕುತ್ತಿತ್ತು. ಒಂದು ದಿನ, ಕಿತ್ತುಹೋದ ಗೂಡಿನ ಸುತ್ತ ಜೇನ್ನೊಣಗಳು ತಮ್ಮ ಮರಿಗಳಿಗಾಗಿ ಹುಡುಕಾಡುವುದನ್ನು ಕರಡಿ ಕಂಡಿತು. ಬಾಯಲ್ಲಿದ್ದ ಜೇನನ್ನು ಉಗುಳಿಬಿಟ್ಟಿತು. ಇನ್ನು ಮೇಲೆ ಹಣ್ಣು, ಗೆಡ್ಡೆಗಳಲ್ಲೇ ಬದುಕುವೆನೆಂದು ಅದು ನಿಶ್ಚಯಿಸಿತು.

ನರಿ ನಕ್ಕಿತು. "ಕರಡಿಯಣ್ಣ, ನೀನು ನಡೆದರೆ ಇರುವೆಗಳು ಸಾಯುತ್ತವೆ. ಜೇನ್ನೊಣಗಳ ಮೇಲೆ ಮಾತ್ರ ಏಕೆ ಈ ಕರುಣೆ?"

"ಇರುವೆ ಕಂಡರೆ ಕಾಲು ತಪ್ಪಿಸಿ ಇಡುತ್ತೇನೆ. ನಡೆಯುವುದನ್ನು ಬಿಡಲಾರೆ. ಗೂಡು ಕೀಳುವುದನ್ನು ಬಿಡಬಲ್ಲೆ, ಬಿಟ್ಟಿದ್ದೇನೆ," ಎಂದಿತು ಕರಡಿ.

ಬೇಸಿಗೆ ಬಂತು. ಬೆಟ್ಟದ ಹಣ್ಣೆಲ್ಲ ಮುಗಿಯಿತು. ನೆಲ ಗಟ್ಟಿಯಾಗಿ ಗೆಡ್ಡೆ ಅಗೆಯಲೂ ಆಗಲಿಲ್ಲ. ಸೊರಗಿದ ಕರಡಿಯನ್ನು ನರಿ ತಗ್ಗಿನ ಕೊಂಬೆಯೊಂದರ ಬಳಿಗೆ ಕರೆದೊಯ್ದು, ತುಂಬಿದ ಗೂಡೊಂದನ್ನು ತೋರಿಸಿತು. "ಇವತ್ತೊಂದು ದಿನ ತಿನ್ನು. ನೀನು ಸತ್ತರೆ ನಿನ್ನ ವ್ರತ ಯಾರಿಗೆ ಬೇಕು?"

ಕರಡಿಯ ಬಾಯಲ್ಲಿ ನೀರೂರಿತು. ಎತ್ತಿದ ಕೈಯನ್ನು ಅದು ನಿಧಾನವಾಗಿ ಇಳಿಸಿತು. "ಹಣ್ಣು ಎಲ್ಲಿದೆ, ಅದನ್ನು ಹೇಳು."

"ಹೊಳೆಯಾಚೆ ಈಚಲು ಹಣ್ಣಾಗಿದೆ. ಆದರೆ ಈ ಬಿಸಿಲಿನಲ್ಲಿ ಬಂಡೆ ದಾಟುವಷ್ಟರಲ್ಲಿ ಅಂಗಾಲು ಬೆಂದುಹೋಗುತ್ತದೆ."

"ಬೇಯಲಿ. ಅದು ನನ್ನ ಅಂಗಾಲು," ಎಂದು ಕರಡಿ ಹೊರಟೇಬಿಟ್ಟಿತು.

ನರಿ ಗೂಡಿನ ಕೆಳಗೇ ಕೂತಿತು. ಅದಕ್ಕೆ ಗೂಡು ಕೀಳಲು ಬರುತ್ತಿರಲಿಲ್ಲ. ಹಸಿವು ತಾಳಲಾರದೆ ಸಂಜೆಗೆ ಅದೂ ಕಾದ ಬಂಡೆ ತುಳಿದು, ಕುಂಟುತ್ತ ಹೊಳೆ ದಾಟಿತು. ಕರಡಿ ಈಚಲ ಗೊನೆಯೊಂದನ್ನು ಬಾಗಿಸಿ ಅದರ ಮುಂದೆ ಹಿಡಿಯಿತು.

"ತಿನ್ನು. ಇದನ್ನು ತಿಂದರೆ ಯಾರೂ ತಮ್ಮ ಮರಿಗಳನ್ನು ಹುಡುಕಿಕೊಂಡು ಬರುವುದಿಲ್ಲ."