ಎರಡು ನಾಗಸ್ವರ, ಒಂದು ಗಂಟಲು

"ಮೇಷ್ಟ್ರೇ, ಇಬ್ಬರು ಊದುವುದು ಒಂದೇ ಸ್ವರವಾದರೆ ಎರಡನೆಯವನು ಯಾತಕ್ಕೆ?" ಎಂದು ಶಿಷ್ಯ ಕೇಳಿದ.

ಬ್ಯಾಂಡಿನ ಹಳೆಯ ಮೇಷ್ಟ್ರು ಎಲೆಗೆ ಸುಣ್ಣ ಸವರುತ್ತಿದ್ದರು. "ಯಾರಪ್ಪ ಹಾಗಂದವರು?" ಎಂದರು.

ಶಿಷ್ಯ ಹೇಳಿದ. ಬ್ಯಾಂಡಿನವರು ಊದುವುದನ್ನೆಲ್ಲ ಅವನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದ. ಒಬ್ಬೊಬ್ಬರಿಗೂ ಸ್ವರ ಗುರುತಿಸುವ ಐದು ಗೆರೆಯ ಒಂದೊಂದು ಸಾಲು. ಸಾಲುಗಳು ಹೆಚ್ಚಾಗಿ ಹಾಳೆ ಸಾಲದಾದಾಗ ಎರಡು ಕ್ಲಾರಿನೆಟ್ಟನ್ನೂ ಒಂದೇ ಸಾಲಿಗೆ ಸೇರಿಸಿದ. ಮೊದಲನೆಯವನಿಗೆ ಬರೆದದ್ದನ್ನೇ ಎರಡನೆಯವನಾದ ಇನ್ನಾಸಪ್ಪನಿಗೂ ನಕಲು ಮಾಡಿದ್ದ. ಹಾಗಾಗಿ ಒಬ್ಬನ ಸ್ವರದ ಮೇಲೆ ಇನ್ನೊಬ್ಬನ ಸ್ವರ ಕೂತು, ಇನ್ನಾಸಪ್ಪ ಕಾಣದೆಯೇ ಹೋದ. ಬ್ಯಾಂಡಿನ ಯಜಮಾನ ಅದನ್ನು ನೋಡಿ, "ಹಾಳೆಯಲ್ಲಿ ಒಬ್ಬನೇ ಇದ್ದಾನೆ. ಬ್ಯಾಂಡಿನಲ್ಲಿ ಮಾತ್ರ ಇಬ್ಬರೇಕೆ? ನಾಳೆಯಿಂದ ಇನ್ನಾಸಪ್ಪ ಬರುವುದು ಬೇಡ" ಎಂದಿದ್ದ.

"ಯಜಮಾನರಿಗೆ ಏನು ಹೇಳಲಿ ಮೇಷ್ಟ್ರೇ? ಹಾಳೆ ನೋಡಿದರೆ ಅವರ ಮಾತೂ ಸರಿಯೇ."

ಮೇಷ್ಟ್ರು ಎಲೆಯನ್ನು ಬಾಯಿಗಿಟ್ಟುಕೊಂಡು ಕತೆ ಶುರು ಮಾಡಿದರು.

ಒಂದೂರಿನಲ್ಲಿ ಇಬ್ಬರು ನಾಗಸ್ವರದವರಿದ್ದರು. ಒಬ್ಬ ಹಿರಿಯ, ಒಬ್ಬ ಕಿರಿಯ. ಹಿರಿಯನ ಉಸಿರು ಅಂಥಿಂಥದ್ದಲ್ಲ. ಅವನು ಒಮ್ಮೆ ಊದಲು ಹಿಡಿದರೆ, ಒಲೆಯ ಮೇಲಿಟ್ಟ ಅಕ್ಕಿ ಅನ್ನವಾಗಿ, ಜನ ಉಂಡು, ಎಲೆ ಎತ್ತಿದ ಮೇಲೆ ಅವನು ಉಸಿರೆಳೆಯುತ್ತಿದ್ದ.

"ಸುಳ್ಳು ಮೇಷ್ಟ್ರೇ!" ಎಂದ ಶಿಷ್ಯ.

"ಎಲೆ ಎತ್ತಿದ್ದು ಬೇಕಾದರೆ ಸುಳ್ಳೆನ್ನು. ಉಂಡದ್ದು ನಿಜ, ಆ ಪಂಕ್ತಿಯಲ್ಲಿ ನಾನೂ ಇದ್ದೆ" ಎಂದು ಮೇಷ್ಟ್ರು ಮುಂದುವರಿಸಿದರು.

ಕಿರಿಯನು ಹಿರಿಯನ ನೆರಳು. ಹಿರಿಯನ ಬೆರಳೆದ್ದರೆ ಇವನ ಬೆರಳೂ ಏಳುತ್ತಿತ್ತು. ಉಸಿರೆಳೆಯಲು ಹಿರಿಯ ನಾಗಸ್ವರದಿಂದ ಬಾಯಿ ತೆಗೆದರೆ ಇವನೂ ತೆಗೆಯುತ್ತಿದ್ದ. ದೊಡ್ಡವರು ನಿಲ್ಲಿಸಿದಾಗ ಚಿಕ್ಕವನು ಊದುವುದು ಅವಮರ್ಯಾದೆ ಎಂದು ಹಿರಿಯನೇ ಕಲಿಸಿದ್ದ. ಎರಡು ನಾಗಸ್ವರ, ಒಂದೇ ಗಂಟಲು ಎಂದು ಸುತ್ತಿನ ಊರುಗಳೆಲ್ಲ ಹೊಗಳುತ್ತಿದ್ದವು. ಹಿರಿಯನಿಗೆ ಆ ಹೊಗಳಿಕೆ ಪಾಯಸಕ್ಕಿಂತ ಸಿಹಿ.

ಊರ ಗೌಡನ ಮಗಳಿಗೆ ಮದುವೆ ಬಂತು. ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳ ಬಾರಿಸುವುದು ಯಾಕೆ ಗೊತ್ತೇ? ಕೆಟ್ಟ ಶಬ್ದ ಯಾವುದೂ ಹೆಣ್ಣುಗಂಡಿನ ಕಿವಿಗೆ ಬೀಳಬಾರದೆಂದು. ಡೋಲಿನ ಚರ್ಮ ಅಂದು ಬೆಳಿಗ್ಗೆಯೇ ಹರಿದುಹೋಗಿತ್ತು. ಮೇಳವೆಲ್ಲ ಎರಡು ನಾಗಸ್ವರದ ಮೇಲೆ ನಿಂತಿತು. ಪುರೋಹಿತ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೈಯೆತ್ತಿದ. ಇಬ್ಬರೂ ಊದಿದರು. ಗಂಡು ತಾಳಿ ಕಟ್ಟತೊಡಗಿದ. ಒಂದು ಗಂಟು ಬಿತ್ತು, ಎರಡು ಬಿತ್ತು. ಮೂರನೆಯದಕ್ಕೆ ದಾರ ಸಿಕ್ಕಲಿಲ್ಲ. ಗಂಡು ಎಷ್ಟು ಹೊತ್ತು ತಡಕಿದನೆಂದರೆ ಹಿರಿಯನ ಅಂಥ ಉಸಿರೂ ಮುಗಿಯಿತು. ಅವನು ಬಾಯಿ ತೆಗೆದ. ನೆರಳೂ ಬಾಯಿ ತೆಗೆಯಿತು.

ಚಪ್ಪರ ಮೌನವಾಯಿತು. ಆ ಮೌನದಲ್ಲಿ ಗಂಡಿನ ಸೋದರಮಾವ ಸೀನಿದ. ಒಂದೇ ಸೀನು. ಚಪ್ಪರದ ಮಾವಿನೆಲೆ ಅರ್ಧ ಉದುರಿತು.

"ಒಂಟಿ ಸೀನು! ಬಿಚ್ಚಿ ಗಂಟು, ಏಳಲಿ ನನ್ನ ಮಗ!" ಎಂದು ಗಂಡಿನ ತಾಯಿ ಕೂಗಿದಳು. ಹುಡುಗಿಯ ಕೊರಳಲ್ಲಿ ತಾಳಿ ಎರಡೇ ಗಂಟಿಗೆ ನಿಂತಿತ್ತು. ಗೌಡ ಹಿರಿಯನ ಕಡೆ ತಿರುಗಿ, "ಗಂಟಲು ಒಂದೇ ಅಂದಮೇಲೆ ಎರಡು ಎಲೆ ಹಾಕಿದ್ದೇ ನನ್ನ ತಪ್ಪು. ನಡಿ ಅನ್ನು ಆ ಚಿಕ್ಕವನಿಗೆ" ಎಂದ. ಕಿರಿಯ ತಲೆ ತಗ್ಗಿಸಿ ನಾಗಸ್ವರಕ್ಕೆ ಬಟ್ಟೆ ಸುತ್ತಿದ.

ಆಗ ಹಸೆಮಣೆಯ ಮೇಲಿನ ಹುಡುಗಿಯೇ ಬಾಯಿಬಿಟ್ಟಳು. "ಇರಿ ಅಪ್ಪಯ್ಯ. ಏನಣ್ಣ, ಅವರು ಉಸಿರೆಳೆಯುವಾಗ ನೀನೂ ಯಾಕೆ ಎಳೆದೆ?"

"ಅವರು ನಿಲ್ಲಿಸಿದಾಗ ನಾನು ಊದಿದರೆ ಅವರ ಮರ್ಯಾದೆ ಏನಾಗಬೇಕು ತಾಯಿ?"

"ಮರ್ಯಾದೆ ನಿಮ್ಮದು. ಕೊರಳು ನನ್ನದು!"

ಹಿರಿಯ ಅವಳ ಕೊರಳು ನೋಡಿದ. ಎರಡನೆಯ ಗಂಟನ್ನು ಗಂಡು ಇನ್ನೂ ಬಿಟ್ಟಿರಲಿಲ್ಲ, ತಾಯಿ ಎಷ್ಟು ಕೂಗಿದರೂ ಬಿಟ್ಟಿರಲಿಲ್ಲ. ಹಿರಿಯ ತಾನೇ ಎದ್ದು ಹೋಗಿ ಕಿರಿಯನ ನಾಗಸ್ವರಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದ. "ನಾನು ಬಾಯಿ ತೆಗೆದಾಗ ನೀನು ಊದು. ನೀನು ತೆಗೆದಾಗ ನಾನು ಊದುತ್ತೇನೆ" ಎಂದ.

ಮುಹೂರ್ತ ಮೀರಿಲ್ಲವೆಂದು ಪುರೋಹಿತ ಮತ್ತೆ ಕೈಯೆತ್ತಿದ. ಮೇಳ ಎದ್ದಿತು. ಎಲ್ಲಿ ಒಬ್ಬ ಬಿಟ್ಟ, ಎಲ್ಲಿ ಇನ್ನೊಬ್ಬ ಹಿಡಿದ ಎಂಬುದು ಯಾರಿಗೂ ತಿಳಿಯಲಿಲ್ಲ. ಕೇಳಿದವರಿಗೆ ಅದು ಒಂದೇ ನಾದ, ನೀರು ಬಿದ್ದ ಹಾಗೆ. ಸೋದರಮಾವನಿಗೆ ಮತ್ತೆ ಸೀನು ಬಂತು. ಬಂದದ್ದು ನಿಲ್ಲಲೇ ಇಲ್ಲ, ಅವನು ಸೀನಿ ಸೀನಿ ಪೇಟ ಬೀಳಿಸಿಕೊಂಡ. ಪಕ್ಕದಲ್ಲಿದ್ದ ಅವನ ಹೆಂಡತಿಗೇ ಕೇಳಿಸಲಿಲ್ಲ. ಮೂರನೆಯ ಗಂಟು ಬಿತ್ತು. ಆ ಹುಡುಗಿ ಬಾಳಿ ಬದುಕಿ ಮೊಮ್ಮಕ್ಕಳನ್ನು ಕಂಡಳು.

ಮೇಷ್ಟ್ರು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತು. "ಹಾಗಾದರೆ ಸಾಲು ಒಂದೇ ಇರಲಿ, ಇನ್ನಾಸಪ್ಪನೂ ಇರಲಿ ಎಂದು ಯಜಮಾನರಿಗೆ ಈಗಲೇ ಹೇಳುತ್ತೇನೆ. ತಪ್ಪು ಅವರದೇ" ಎಂದು ಎದ್ದ.

"ಹೇಳುವೆಯಂತೆ, ಮೊದಲನೆಯವನು ಉಸಿರೆಳೆಯುವ ಕಡೆ ಇನ್ನಾಸಪ್ಪನಿಗೆ ನೀನು ಏನು ಬರೆದಿದ್ದೀಯ?" ಎಂದರು ಮೇಷ್ಟ್ರು.

ಶಿಷ್ಯ ಮತ್ತೆ ಕೂತು, ಆ ಕಡೆಗಳಲ್ಲಿ ಇನ್ನಾಸಪ್ಪನ ಸ್ವರ ಬರೆಯಲು ಕಂಪ್ಯೂಟರನ್ನು ಹತ್ತಿರಕ್ಕೆಳೆದುಕೊಂಡ.