ಬೆಂಕಿ ಒಂದು ಹೊತ್ತು ಉಪವಾಸ ಕೂತದ್ದು

ಲೋಕ ಇನ್ನೂ ಹೊಸದು. ಆಕಾಶಕ್ಕೆ ಬಳಿದ ನೀಲಿ ಸರಿಯಾಗಿ ಒಣಗಿರಲಿಲ್ಲ, ಮುಟ್ಟಿದ ಹಕ್ಕಿಗಳ ರೆಕ್ಕೆಗೆ ಅಂಟುತ್ತಿತ್ತು. ಆಗ ಕಲ್ಲೂ ಮಾತಾಡುತ್ತಿತ್ತು, ಕಪ್ಪೆಯೂ ಮಾತಾಡುತ್ತಿತ್ತು. ಕಪ್ಪೆ ಈಗಲೂ ಬಾಯಿ ಮುಚ್ಚಿಲ್ಲ, ಅದು ಬೇರೆ ವಿಷಯ.

ಆ ಕಾಲದಲ್ಲಿ ಇಡೀ ಲೋಕಕ್ಕೆ ಇದ್ದದ್ದು ಒಂದೇ ಒಂದು ಬೆಂಕಿ. ಬಂಡೆಯ ಸಂದಿಯಲ್ಲಿ ಅದರ ವಾಸ. ಸುತ್ತ ಸಿಗುವ ಒಣಗಿದ ಗರಿಕೆ ತಿನ್ನುತ್ತಾ ಸುಮ್ಮನೆ ಕೂರುವುದು. ನಂಬಿದರೆ ನಂಬು, ಬಿಟ್ಟರೆ ಬಿಡು, ಆಗ ಬೆಂಕಿ ಅಲುಗಾಡುತ್ತಲೇ ಇರಲಿಲ್ಲ. ಕುಂಬಳಕಾಯಿಯ ಹಾಗೆ ಕೂತಿರುತ್ತಿತ್ತು.

ಮಳೆ ಮಾತ್ರ ಇನ್ನೂ ಭೂಮಿಗೆ ಬಂದಿರಲಿಲ್ಲ. ಒಂದು ದಿನ ಬೆಳಿಗ್ಗೆ ಗುಡುಗು ಬೆಟ್ಟದ ಮೇಲೆ ನಿಂತು ಸಾರಿತು.

"ಕೇಳ್ರಪ್ಪಾ ಕೇಳಿ. ಇವತ್ತು ಸಂಜೆ ಮಳೆರಾಯ ಬರ್ತಾನೆ. ಜೀವ ಇರೋರನ್ನ ಸಾಕಿ ಬೆಳೆಸ್ತಾನೆ. ಜೀವ ಇಲ್ಲದೋರನ್ನ ಕೊಚ್ಚಿಕೊಂಡು ಹೋಗಬಹುದು, ಕರಗಿಸಬಹುದು, ನಂದಿಸಬಹುದು, ಅವನಿಷ್ಟ. ಯಾರು ಯಾವ ಕಡೆ ಅಂತ ವಿಂಗಡಿಸಿ ಇಟ್ಟಿರಿ."

ನಂದಿಸಬಹುದು ಅನ್ನುವ ಮಾತು ಬೆಂಕಿಯ ಕಿವಿಗೆ ಬಿತ್ತು. ಕಲ್ಲನ್ನು ಕೊಚ್ಚಿಕೊಂಡು ಹೋದರೂ ಕಲ್ಲು ಎಲ್ಲೋ ಒಂದು ಕಡೆ ಕಲ್ಲಾಗಿಯೇ ಇರುತ್ತದೆ. ಮಣ್ಣು ಕರಗಿದರೂ ಕೆಳಗೆ ಹೋಗಿ ಮಣ್ಣಾಗಿ ಕೂರುತ್ತದೆ. ಬೆಂಕಿ ನಂದಿದರೆ ಉಳಿಯುವುದು ಏನು? ಏನೂ ಇಲ್ಲ. ಬೆಂಕಿ ಎದ್ದು ನಿಂತಿತು, ಕೂತಿತು, ಮತ್ತೆ ಎದ್ದಿತು. ಅವತ್ತು ಎದ್ದದ್ದೇ ಎದ್ದದ್ದು.

ವಿಂಗಡಿಸುವ ಕೆಲಸ ಸಣ್ಣೀರಜ್ಜಿಯ ಪಾಲಿಗೆ ಬಂತು. ಮನುಷ್ಯರಲ್ಲೆಲ್ಲ ಮೊದಲು ಅಜ್ಜಿಯಾದವಳು ಅವಳೇ. ಮೊರ ಹಿಡಿದು ಕೇರಲು ಕೂತಳೆಂದರೆ ಹೊಟ್ಟು ಹಾರಿಹೋಗಬೇಕು, ಕಲ್ಲು ಬೇರೆಯಾಗಬೇಕು, ಕಾಳು ಮಾತ್ರ ಉಳಿಯಬೇಕು. ಅವಳ ಕಣ್ಣು ತಪ್ಪಿಸಿ ಒಂದು ನುಸಿ ಕೂಡ ದಾಟುತ್ತಿರಲಿಲ್ಲ.

ಅಜ್ಜಿ ಹುಣಸೆಮರದ ಕೆಳಗೆ ಮಂಡಿ ಹಿಡಿದುಕೊಂಡು, ಅಮ್ಮಾ ಅಪ್ಪಾ ಎನ್ನುತ್ತ ಕೂತಳು. ಎದುರಿಗೆ ಸಾಲು. ಬಂದವರನ್ನೆಲ್ಲ ಒಂದೇ ಸಮನೆ ಕೇಳಿದಳು. "ತಿಂತೀಯಾ? ಉಸಿರಾಡ್ತೀಯಾ? ಬೆಳೀತೀಯಾ? ಮಕ್ಕಳು ಮರಿ ಆಗ್ತವಾ?"

ಹೌದು ಅಂದವರು ಜೀವ ಇರೋರ ಕಡೆ. ಅವರಲ್ಲೂ ನಿಂತಲ್ಲೇ ನಿಂತು ಬಿಸಿಲುಣ್ಣುವ ಗಿಡಮರಗಳು ಒಂದು ಗುಂಪು, ಓಡಾಡಿ ಹೊಟ್ಟೆ ಹೊರೆಯುವವರು ಇನ್ನೊಂದು ಗುಂಪು. ಬಾವಲಿ ಹಾರಿ ಹೋಗಿ ಹಕ್ಕಿಗಳ ನಡುವೆ ಕೂತರೆ ಅಜ್ಜಿ ಬಿಡಲಿಲ್ಲ. "ಮರಿಗೆ ಹಾಲು ಕುಡಿಸ್ತೀಯಲ್ಲೇ, ಬಾ ಈ ಕಡೆ" ಎಂದು ಹಸು, ಇಲಿಗಳ ಜೊತೆ ಕೂರಿಸಿದಳು. ಅಣಬೆ ಬಂತು. ಅದು ಬಿಸಿಲೂ ಉಣ್ಣುವುದಿಲ್ಲ, ಓಡಾಡುವುದೂ ಇಲ್ಲ, ಸತ್ತ ಮರವನ್ನು ಸದ್ದಿಲ್ಲದೆ ಮೆಲ್ಲುತ್ತದೆ. ಅಜ್ಜಿ ತಲೆ ಕೆರೆದುಕೊಂಡು, "ನಿಂದೇ ಒಂದು ಗುಂಪು, ಆ ಮೂಲೇಲಿ ಕೂತ್ಕೋ" ಅಂದಳು.

ಕಲ್ಲು, ಮರಳು, ಮಣ್ಣು ತಕರಾರಿಲ್ಲದೆ ಜೀವ ಇಲ್ಲದೋರ ಕಡೆ ಹೋದವು. ಹೊಳೆಯೂ ನಗುತ್ತಾ ಹೋಯಿತು. "ಮಳೆ ಬಂದರೆ ನಾನು ಇನ್ನೂ ದಪ್ಪ ಆಗ್ತೀನಿ, ನನಗೇನಂತೆ" ಎಂದಿತು. ಗಾಳಿ ಪ್ರಶ್ನೆ ಕೇಳಿಸಿಕೊಳ್ಳಲೂ ನಿಲ್ಲಲಿಲ್ಲ.

ಬೆಂಕಿ ಸಾಲಿನಲ್ಲಿ ನಿಲ್ಲಲಾರದೆ ನಿಂತಿತ್ತು. ಎಡಕ್ಕೆ ವಾಲಿ ನೋಡಿತು, ಬಲಕ್ಕೆ ವಾಲಿ ನೋಡಿತು. ಮುಂದಿದ್ದ ಮೊಲ "ಬಾಲ ಸುಡ್ತೀಯಾ ಮಾರಾಯ, ನೆಟ್ಟಗೆ ನಿಲ್ಲು" ಎಂದು ಗದರಿಸಿತು. ಬೆಂಕಿಯ ಕಣ್ಣೆಲ್ಲ ಆಕಾಶದ ಮೇಲೆ. ಅಲ್ಲಿ ಮೋಡ ಕಟ್ಟುತ್ತಿತ್ತು.

ಅಂತೂ ಸರದಿ ಬಂತು.

"ತಿಂತೀಯಾ?" ಅಂದಳು ಅಜ್ಜಿ. ಬೆಂಕಿ ಒಂದು ಹೊರೆ ಒಣಹುಲ್ಲನ್ನು ಗಬಗಬನೆ ತಿಂದು ತೋರಿಸಿತು. "ಉಸಿರಾಡ್ತೀಯಾ?" ಎಂದು ಅಜ್ಜಿ ಅದರ ಮೇಲೆ ಮಡಕೆ ಬೋರಲು ಹಾಕಿದರೆ ಉಸಿರುಗಟ್ಟಿ ಒದ್ದಾಡಿತು. ಮಡಕೆ ಎತ್ತಿದ ಮೇಲೆ ಅಜ್ಜಿಯಷ್ಟೆತ್ತರ ಬೆಳೆಯಿತು. ಮಕ್ಕಳು ಮರಿ ಎಂದು ಕೇಳುವ ಮೊದಲೇ ಒಂದು ಕಿಡಿ ಹಾರಿ ಪಕ್ಕದ ಕಡ್ಡಿಯ ಮೇಲೆ ಕೂತು ಪುಟ್ಟ ಬೆಂಕಿಯಾಯಿತು. ಇರುವೆಗಳು ಬಾಯಿ ಬಿಟ್ಟುಕೊಂಡು ನೋಡಿದವು.

"ಆಯ್ತಲ್ಲಾ ಅಜ್ಜಿ, ನನಗೆ ಜೀವ ಇದೆ. ಹೇಳಿಬಿಡು" ಎಂದಿತು ಬೆಂಕಿ.

ಅಜ್ಜಿ ಬಗ್ಗಿ ನೆಲ ಮುಟ್ಟಿದಳು. ಬೆರಳಿಗೆ ಬೂದಿ ಹತ್ತಿತು.

"ಇದೇನು ಮಗಾ?"

"ನಾನು ತಿಂದ ಹುಲ್ಲು."

"ಹಸು ಹುಲ್ಲು ತಿಂದರೆ ಹಾಲಾಗುತ್ತೆ, ಕರು ಆಗುತ್ತೆ. ಹುಳ ಎಲೆ ತಿಂದರೆ ಮೈ ತುಂಬಿಕೊಳ್ಳುತ್ತೆ. ನಿನಗೆ ತಿಂದದ್ದು ಮೈಗೆ ಹತ್ತೋದೇ ಇಲ್ಲವಲ್ಲೋ."

"ಹತ್ತುತ್ತೆ ಅಜ್ಜಿ. ಈಗ ತಾನೆ ನಿನ್ನಷ್ಟೆತ್ತರ ಆಗಲಿಲ್ಲವಾ?"

"ಮೈಗೆ ಹತ್ತಿದ್ದರೆ ಒಂದು ಹೊತ್ತು ಊಟ ತಪ್ಪಿದರೂ ತಡ್ಕೋಬೇಕು" ಅಂದಳು ಅಜ್ಜಿ. "ಕಪ್ಪೆ ಮಣ್ಣೊಳಗೆ ಹೊಕ್ಕು ತಿಂಗಳುಗಟ್ಟಲೆ ಮಲಗುತ್ತೆ. ಬೀಜ ವರ್ಷಾನುಗಟ್ಟಲೆ ಕಾಯುತ್ತೆ. ನೀನು ಅಷ್ಟೆಲ್ಲ ಬೇಡ, ಒಂದೇ ಹೊತ್ತು ಉಪವಾಸ ಇದ್ದು ತೋರಿಸು. ಇದ್ದೆ ಅಂದರೆ ನಾನೇ ಕೈಹಿಡಿದು ಜೀವ ಇರೋರ ಕಡೆ ಕೂರಿಸ್ತೀನಿ."

"ಒಂದು ಹೊತ್ತು ತಾನೆ?" ಅಂದಿತು ಬೆಂಕಿ.

ಹೇಳಿದಷ್ಟು ಸುಲಭವೇ? ಬೆಂಕಿ ತನ್ನ ಮರಿಯನ್ನೂ ಮೈಯೊಳಗೆ ಸೇರಿಸಿಕೊಂಡು ಬರಿನೆಲದ ಮೇಲೆ ಉಪವಾಸ ಕೂತಿತು. ಕೂತಲ್ಲಿ ಕೂರಲಾಗಲಿಲ್ಲ. ಎಲ್ಲಿ ತಿರುಗಿದರೂ ಒಣಗಿದ ಎಲೆಯ ವಾಸನೆ, ಸೌದೆಯ ವಾಸನೆ. ಆ ಕಡೆ ಮೂಗು ಚಾಚುವುದು, ತಪ್ಪಾಯಿತೆಂದು ಹಿಂದಕ್ಕೆ ಎಳೆದುಕೊಳ್ಳುವುದು. ಅಜ್ಜಿಯ ಎತ್ತರ ಇದ್ದದ್ದು ಅವಳ ಸೊಂಟಕ್ಕಿಳಿಯಿತು.

"ಅಜ್ಜೀ, ಹೊತ್ತು ಆಯ್ತಾ?"

"ಇಲ್ಲ ಮಗಾ."

ಗಾಳಿ ಸುಮ್ಮನಿರುತ್ತದೆಯೇ? ಎಲ್ಲಿಂದಲೋ ಒಂದು ತೇಗದ ಎಲೆ ಉರುಳಿಸಿಕೊಂಡು ಬಂದು ಬೆಂಕಿಯ ಬಾಯಿಯ ಹತ್ತಿರವೇ ನಿಲ್ಲಿಸಿತು. "ಒಂದೇ ಎಲೆ ಕಣೋ. ಅಜ್ಜಿ ಆ ಕಡೆ ನೋಡ್ತಿದ್ದಾಳೆ" ಎಂದು ಕಿವಿಯಲ್ಲಿ ಊದಿತು.

ಬೆಂಕಿ ಎಲೆಯ ಕಡೆ ವಾಲಿತು. ಎಷ್ಟು ವಾಲಿತೆಂದರೆ ಎಲೆಯ ಅಂಚು ಮುದುರಿಕೊಂಡಿತು. ಆದರೆ ಕದ್ದು ತಿಂದು ಜೀವ ಇದೆ ಅನ್ನಿಸಿಕೊಂಡರೆ, ಮಳೆರಾಯನ ಮೊದಲ ಹನಿಗೇ ಬಣ್ಣ ಬಯಲಾಗುವುದಿಲ್ಲವೇ? ಬೆಂಕಿ ಕಷ್ಟಪಟ್ಟು ಮೈ ಹಿಂದಕ್ಕೆಳೆದುಕೊಂಡಿತು. ಈಗ ಅದು ಅಜ್ಜಿಯ ಮಂಡಿಯಷ್ಟಿತ್ತು.

"ಅಜ್ಜೀ, ಹೊತ್ತು ಆಯ್ತಾ?"

"ಇನ್ನೂ ಇಲ್ಲ ಮಗಾ."

ಧ್ವನಿ ಸಣ್ಣದಾಯಿತೆಂದು ಅಜ್ಜಿ ಹತ್ತಿರ ಸರಿದು ಕೂತಳು. ಬಿಸುಪು ತಾಗಿ ಅವಳ ಮಂಡಿಯ ನೋವು ಇಳಿಯತೊಡಗಿತು. ಅವಳಿಗೆ ಹಾಯೆನಿಸಿತು, ಹಾಯೆನಿಸಿದ್ದಕ್ಕೆ ಸಂಕಟವೂ ಆಯಿತು. ಮೋಡ ಕಪ್ಪಗಾಗಿ ಬೆಟ್ಟದ ತಲೆಗೆ ಇಳಿದಿತ್ತು. ಜೀವ ಇರೋರೆಲ್ಲ ಮಳೆಗೆ ಮುಖವೊಡ್ಡಿ ಕುಣಿಯಲು ಕಾಯುತ್ತಿದ್ದರು.

ಮೂರನೆಯ ಸಲ ಬೆಂಕಿ ಕೇಳಿದ್ದು ಯಾರಿಗೂ ಕೇಳಿಸಲಿಲ್ಲ. ಅಜ್ಜಿ ಬಗ್ಗಿ ನೋಡಿದರೆ ಅಲ್ಲಿದ್ದದ್ದು ಒಂದು ಗುಲಗಂಜಿಯಷ್ಟು ಕೆಂಪು.

ಅವಳು ಗಡಬಡಿಸಿ ಒಂದು ಒಣಕಡ್ಡಿ ತಂದು ಒಡ್ಡಿದಳು. "ಸಾಕು, ತಿನ್ನು."

"ತಿಂದರೆ ಸೋತ ಹಾಗೆ" ಎಂದಿತು ಬೆಂಕಿ.

"ತಿನ್ನದಿದ್ದರೆ ಸೋಲೋದಕ್ಕೂ ನೀನು ಇರಲ್ಲ. ತಿನ್ನು ಅಂದೆ."

ಬೆಂಕಿ ತಿಂದಿತು. ನಾಚಿಕೆಯಿಂದಲೇ ತಿಂದಿತು. ಆಮೇಲೆ ತಲೆ ತಗ್ಗಿಸಿ, "ಹಾಗಾದರೆ ನನಗೆ ಜೀವ ಇಲ್ಲವಾ ಅಜ್ಜಿ?" ಎಂದು ಕೇಳಿತು.

ಅಜ್ಜಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಇಲ್ಲ ಮಗಾ" ಅಂದಳು. ಅವಳ ಕಣ್ಣು ತುಂಬಿ ಬಂತು.

ಆಗ ಆ ಕಡೆಯ ಗುಂಪಿನಿಂದ ಮೂರು ಕಲ್ಲುಗಳು ಮಾತಾಡಿದವು. "ಅವನನ್ನ ಇತ್ತ ಕಳಿಸಜ್ಜಿ. ನಮಗೂ ಜೀವ ಇಲ್ಲ, ನಾವೇನು ಅಳ್ತಾ ಕೂತಿದ್ದೀವಾ? ನಮ್ಮ ಮಧ್ಯೆ ಕೂರಲಿ."

ಅಷ್ಟರಲ್ಲಿ ಒಂದು ದಪ್ಪ ಹನಿ ಟಪ್ಪೆಂದು ನೆಲಕ್ಕೆ ಬಿತ್ತು. ಅಜ್ಜಿ ಮೂರೂ ಕಲ್ಲನ್ನು ಮೊರಕ್ಕೆ ಹಾಕಿಕೊಂಡಳು, ಬೆಂಕಿಯನ್ನು ಮಡಕೆಯ ಚೂರಿನ ಮೇಲೆ ಎತ್ತಿಕೊಂಡಳು, ಮಂಡಿ ನೋವು ಮರೆತು ಗುಡಿಸಲಿಗೆ ಓಡಿದಳು. ಕಲ್ಲುಗಳನ್ನು ಮೂಲೆಯಲ್ಲಿಟ್ಟು, ನಡುವೆ ಬೆಂಕಿಯನ್ನು ಕೂರಿಸಿ, ಬಾಗಿಲಿಗೆ ಬಂದು ಅಡ್ಡ ನಿಂತಳು.

ಮಳೆರಾಯ ಭೋರೆಂದು ಅಂಗಳಕ್ಕೆ ಬಂದ. ಬೆಂಕಿ ಕಲ್ಲುಗಳ ಸಂದಿಯಿಂದ ಇಣುಕಿ ನೋಡಿತು.

"ಹೊಗೆ ವಾಸನೆ ಬರ್ತಿದೆ. ಜೀವ ಇಲ್ಲದೋನು ಒಬ್ಬ ಒಳಗಿದ್ದಾನೆ" ಅಂದ ಮಳೆರಾಯ.

"ಇದ್ದಾನೆ" ಅಂದಳು ಅಜ್ಜಿ.

"ಹೊರಗೆ ಕಳಿಸು."

"ಜೀವ ಇಲ್ಲ ಅಂತ ವಿಂಗಡಿಸಿದವಳು ನಾನೇ, ಆ ಮಾತು ತಿರುಗಿಸೋದಿಲ್ಲ. ಆದರೆ ಇವನಿಗೆ ಹಸಿವಿದೆಯಪ್ಪ. ಹಸಿದೋರನ್ನ ಮನೆಯಿಂದ ಆಚೆ ಕಳಿಸೋ ಪದ್ಧತಿ ನಮ್ಮಲ್ಲಿಲ್ಲ."

ಮಳೆರಾಯ ಬಹಳ ಹೊತ್ತು ಮಾಡಿನ ಮೇಲೆ ಗುದ್ದಿದ, ಸೂರಿನಿಂದ ಬಗ್ಗಿ ನೋಡಿದ. ಕೊನೆಗೆ, "ಸರಿ, ಒಳಗಿದ್ದಷ್ಟು ಹೊತ್ತು ನಿನ್ನವನು. ಹೊರಗೆ ಸಿಕ್ಕಿದರೆ ನನ್ನವನು" ಎಂದು ಹೇಳಿ ಹೊಲದ ಕಡೆ ಹೋದ.

ಅಜ್ಜಿ ಒಂದು ಸೌದೆ ಮುರಿದು ಬೆಂಕಿಯ ಬಾಯಿಗೆ ಕೊಟ್ಟಳು. ಅಂದಿನಿಂದ ಒಲೆಗೆ ಮೂರು ಕಲ್ಲು. ಅಂದಿನಿಂದ ಬೆಂಕಿಗೆ ಮನುಷ್ಯರ ಕೈತುತ್ತು.

ನೀನು ಹಟ ಹಿಡಿದು ಒಂದು ಹೊತ್ತು ಊಟ ಬಿಟ್ಟು ಮಲಗಿದರೂ ಬೆಳಿಗ್ಗೆ ಎದ್ದು ಓಡಾಡುತ್ತೀಯ, ನಿನ್ನೆ ತಿಂದದ್ದು ನಿನ್ನ ಮೈಯಲ್ಲಿದೆ. ಬೆಂಕಿಗೆ ನಿನ್ನೆಯದು ಎಂಬುದೇ ಇಲ್ಲ. ಅದಕ್ಕೇ, ಕಿಟಕಿ ಮುಚ್ಚಿ ಗಾಳಿಯೇ ಆಡದಿದ್ದರೂ, ದೇವರ ಮುಂದಿನ ದೀಪದ ಕುಡಿ ಒಮ್ಮೆ ಎಣ್ಣೆಯ ಕಡೆ, ಒಮ್ಮೆ ಮಳೆರಾಯ ಬಂದನೇ ಎಂದು ಬಾಗಿಲ ಕಡೆ ನೋಡುತ್ತ ಇವತ್ತಿಗೂ ಅಲುಗುತ್ತಲೇ ಇರುತ್ತದೆ.